ಹಾಡಿನ ಹಿಸ್ಟರಿ, ಭಾಗ 4: ಲಿಸ್ಟಲ್ಲಿ ಇಲ್ಲದ ಸೋಲು

ಗ್ರೇಟೆಸ್ಟ್ ಹಿಟ್ಸ್ ಆಲ್ಬಮ್ ಒಂಥರಾ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ. ಪಾಸಾಗಿದ್ದು ಮಾತ್ರ ಎದ್ದು ಕಾಣುತ್ತೆ.

2023ರಲ್ಲಿ ಬ್ರಿಟನ್ನಿನ ಸಿಂತ್ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್ 'ಸ್ಮ್ಯಾಶ್' ಅನ್ನೋ ಸಂಗ್ರಹ ತಂದರು. 1985ರಿಂದ 2020ರವರೆಗಿನ 55 ಸಿಂಗಲ್ಸ್, ಬಂದ ಕ್ರಮದಲ್ಲೇ. ಮೊದಲ ಹಾಡು 'ವೆಸ್ಟ್ ಎಂಡ್ ಗರ್ಲ್ಸ್'. ಆದ್ರೆ ಕಥೆ ಶುರುವಾಗೋದು ಅಲ್ಲಲ್ಲ.

ನೀಲ್ ಟೆನಂಟ್, ಕ್ರಿಸ್ ಲೋ ಪರಿಚಯ ಆಗಿದ್ದು 1981ರಲ್ಲಿ, ಲಂಡನ್ನಿನ ಕಿಂಗ್ಸ್ ರೋಡ್‌ನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಲೋ ಓದ್ತಿದ್ದಿದ್ದು ಆರ್ಕಿಟೆಕ್ಚರ್. ಟೆನಂಟ್ ಆಮೇಲೆ 'ಸ್ಮ್ಯಾಶ್ ಹಿಟ್ಸ್' ಅನ್ನೋ ಪಾಪ್ ಪತ್ರಿಕೆ ಸೇರಿದರು. ನ್ಯೂಯಾರ್ಕ್ ನಿರ್ಮಾಪಕ ಬಾಬಿ ಒರ್ಲಾಂಡೋ ಜೊತೆ ಮಾಡಿದ 'ವೆಸ್ಟ್ ಎಂಡ್ ಗರ್ಲ್ಸ್' 1984ರಲ್ಲಿ ಬಂತು. ಅಮೆರಿಕದ ಕೆಲವು ಕ್ಲಬ್‌ಗಳಲ್ಲಿ ಓಡ್ತು, ತಮ್ಮ ಊರಲ್ಲೇ ಓಡಲಿಲ್ಲ.

ಅವರು ಆ ಹಾಡನ್ನ ಬಿಡಲಿಲ್ಲ, ಹಾಗೇ ಮತ್ತೆ ತರಲೂ ಇಲ್ಲ. 1985ರಲ್ಲಿ ಸ್ಟೀಫನ್ ಹೇಗ್ ಜೊತೆ ಮೊದಲಿಂದ ರೆಕಾರ್ಡ್ ಮಾಡಿದರು. ಈ ಸಲ ಶುರುವಲ್ಲೇ ರಸ್ತೆಯ ಸದ್ದು, ಹೆಜ್ಜೆ ಸಪ್ಪಳ. 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ನಂಬರ್ 1, ಮೇ ತಿಂಗಳಲ್ಲಿ ಅಮೆರಿಕದಲ್ಲೂ ನಂಬರ್ 1!

'ಸ್ಮ್ಯಾಶ್'ನಲ್ಲಿ ಇರೋದು ಈ ಎರಡನೇ ರೂಪ. 1984ರದ್ದು ಲೆಕ್ಕದಲ್ಲೇ ಇಲ್ಲ.

ಈಗ ಯಾಕೆ ಇದನ್ನ ಬರೀತಿದೀನಿ ಅಂದ್ರೆ, ಸೋಮವಾರ ನಂದು ಕಾಸ್ಟ್ ಅಕೌಂಟಿಂಗ್ ಬ್ಯಾಕ್ ಪೇಪರ್. ಮನೇಲಿ ಇನ್ನೂ ಹೇಳಿಲ್ಲ. ಹೋದ ಸಲ ನೋಟ್ಸ್ ಉರು ಹೊಡೆದು ಹೋಗಿದ್ದೆ. ಈ ಸಲ ಅದನ್ನ ಮುಚ್ಚಿಟ್ಟು ಒಂದೊಂದೇ ಲೆಕ್ಕ ಮೊದಲಿಂದ ಮಾಡ್ತಿದೀನಿ. ಕಿವೀಲಿ ಅದೇ ಹಾಡು.

ಭಾಗ 5 ಪರೀಕ್ಷೆ ಮುಗಿದ ಮೇಲೆ.