ಬಾಲ್ಕನಿ ಸಿಗದವರ ಸಾಕ್ಷ್ಯ: ಪುಕೆಕೊಹೆಯ ಬಣ್ಣಭೇದ, ಸಾಕ್ಷ್ಯಚಿತ್ರ ಮತ್ತು ಪ್ರೇಕ್ಷಕರು

ನ್ಯೂಜಿಲೆಂಡಿನ ಪುಕೆಕೊಹೆ ಪಟ್ಟಣದ ಸಿನಿಮಾ ಮಂದಿರದಲ್ಲಿ 1950ರ ದಶಕದಲ್ಲೂ ದೇಶದ ಮೂಲನಿವಾಸಿಗಳಾದ ಮಾವೊರಿಗಳಿಗೆ ಬಾಲ್ಕನಿ ಟಿಕೆಟ್ ಸಿಗುತ್ತಿರಲಿಲ್ಲ. ಭಾರತೀಯರಿಗೂ ಸಿಗುತ್ತಿರಲಿಲ್ಲ. ಮೇಲೆ ಬಿಳಿಯರು ಕೂರುತ್ತಿದ್ದರು, ಕೆಳಗೆ ಉಳಿದವರು. ನಮ್ಮ ಟೂರಿಂಗ್ ಟಾಕೀಸುಗಳಲ್ಲೂ ನೆಲ, ಬೆಂಚು, ಕುರ್ಚಿ ಎಂಬ ಅಂತಸ್ತುಗಳಿದ್ದವು. ಆದರೆ ಕಾಸು ಹೆಚ್ಚು ಕೊಟ್ಟವನು ಕುರ್ಚಿಗೆ ಏರಬಹುದಿತ್ತು. ಹಾಗೆ ಏರಿದವನ ಜಾತಿ ಊರಿಗೆಲ್ಲ ಗೊತ್ತಿದ್ದರೆ ಮರುದಿನ ಏನಾಗುತ್ತಿತ್ತು ಎಂಬುದು ಬೇರೆ ಮಾತು. ಪುಕೆಕೊಹೆಯಲ್ಲಿ ಜೇಬಿನ ಕಾಸಿಗೆ ಆ ಬೆಲೆಯೂ ಇರಲಿಲ್ಲ. ಅದೇ ಊರಿನ ಬಗ್ಗೆ 2022ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ‘ನೋ ಮಾವೊರಿ ಅಲೌಡ್’ ಎಂಬ ಆ ಚಿತ್ರ ಸಾರ್ವಜನಿಕ ವಾಹಿನಿ ಟಿವಿಎನ್‌ಜೆಡ್‌ ಮೂಲಕ ದೇಶದ ಮನೆಮನೆಗೆ ತಲುಪಿತು. ಅದನ್ನು ನೋಡಿದವರು ಹೇಗೆ ಸ್ಪಂದಿಸಿದರು ಎಂದು ತಿಳಿಯಬೇಕಾದರೆ, ಆ ಊರಿನಲ್ಲಿ ಹಿಂದೆ ಯಾರು ಎಲ್ಲಿ ಕೂತು ಏನನ್ನು ನೋಡುತ್ತಿದ್ದರು, ಯಾರ ದನಿಯನ್ನು ಕೇಳುತ್ತಿದ್ದರು ಎಂಬುದರಿಂದಲೇ ತೊಡಗಬೇಕು.

ಪುಕೆಕೊಹೆ ಇರುವುದು ಆಕ್ಲೆಂಡ್ ನಗರದ ನಡುಭಾಗದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಜ್ವಾಲಾಮುಖಿಯಿಂದಾದ ಕೆಂಗಂದು ಮಣ್ಣು. ಈರುಳ್ಳಿ, ಆಲೂಗಡ್ಡೆಗೆ ಹೆಸರುವಾಸಿ. ಈರುಳ್ಳಿಯ ಒಂದು ತಳಿಗೆ ಊರಿನ ಹೆಸರೇ ಇದೆ. 1863ರಲ್ಲಿ ವಸಾಹತು ಸರ್ಕಾರಕ್ಕೂ ಮಾವೊರಿಗಳಿಗೂ ನಡೆದ ವೈಕಾಟೊ ಯುದ್ಧ ಈ ಸೀಮೆಯನ್ನು ಹಾದುಹೋಯಿತು. ಊರಿನ ಪೂರ್ವಕ್ಕಿರುವ ಪುಟ್ಟ ಪ್ರೆಸ್ಬಿಟೇರಿಯನ್ ಚರ್ಚಿನ ಮರದ ಗೋಡೆಗಳಲ್ಲಿ ಆ ವರ್ಷದ ಸೆಪ್ಟೆಂಬರ್ ಕಾಳಗದ ಗುಂಡಿನ ತೂತುಗಳನ್ನು ಈಗಲೂ ಕಾಣಬಹುದು. ಯುದ್ಧದ ಬೆನ್ನಿಗೇ ಸರ್ಕಾರ ಮಾವೊರಿಗಳ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಎರಡು ತಲೆಮಾರು ಕಳೆದು, 1920ರ ದಶಕದಲ್ಲಿ, ವೈಕಾಟೊ ಮತ್ತು ಉತ್ತರದ ಸೀಮೆಗಳಿಂದ ಮಾವೊರಿ ಕುಟುಂಬಗಳು ತರಕಾರಿ ತೋಟಗಳ ಕೂಲಿಗೆಂದು ಇಲ್ಲಿಗೆ ಬಂದವು. ಒಕ್ಕಲೆಬ್ಬಿಸಿದ ನೆಲಕ್ಕೆ ಮಾವೊರಿಗಳು ಮರಳಿದ್ದು ಕೂಲಿಯಾಳುಗಳಾಗಿ.

ಆ ಹೊತ್ತಿಗೆ ತೋಟಗಳಲ್ಲಿ ಚೀನೀಯರೂ ಪಂಜಾಬ್, ಗುಜರಾತ್ ಕಡೆಯ ಭಾರತೀಯರೂ ಗುತ್ತಿಗೆ ಹಿಡಿದು ಬೆಳೆ ತೆಗೆಯುತ್ತಿದ್ದರು. ಜಮೀನು ಬಹುಪಾಲು ಪಾಕೆಹಾಗಳದು, ಅಂದರೆ ಬಿಳಿಯರದು. ಏಷ್ಯಾದವರಿಗೆ ಭೂಮಿ ಕೊಟ್ಟು ಬಾಡಿಗೆ ಎಣಿಸುವವರು ಕೆಲವರಾದರೆ, ಅದೇ ಏಷ್ಯಾದವರ ಪೈಪೋಟಿಗೆ ಹೆದರಿ ಕೂಗೆಬ್ಬಿಸುವವರು ಇನ್ನು ಕೆಲವರು. 1926ರಲ್ಲಿ ಈ ಊರಿನಲ್ಲೇ ‘ವೈಟ್ ನ್ಯೂಜಿಲೆಂಡ್ ಲೀಗ್’ ಹುಟ್ಟಿತು. ಭಾರತೀಯರು ಮತ್ತು ಚೀನೀಯರು ಬೆಲೆ ಇಳಿಸುತ್ತಾರೆ, ಮಾವೊರಿ ಹೆಂಗಸರೊಂದಿಗೆ ಬೆರೆತು ದೇಶದ ರಕ್ತವನ್ನೇ ಕೆಡಿಸುತ್ತಾರೆ ಎಂಬುದು ಲೀಗಿನ ವಾದ. ದೇಶದ ನಾನಾ ಕಡೆಯ ಸ್ಥಳೀಯ ಸಂಸ್ಥೆಗಳಿಗೆ ಅದು ಪತ್ರ ಬರೆದು ಬೆಂಬಲ ಕೇಳಿತು. ಭಾರತೀಯರು ಅದೇ ವರ್ಷ ತಮ್ಮ ಕೇಂದ್ರ ಸಂಘ ಕಟ್ಟಿಕೊಂಡದ್ದಕ್ಕೆ ಈ ಬೆದರಿಕೆಯೂ ಒಂದು ಕಾರಣ. ವಲಸಿಗ ಭಾರತೀಯರ ಇತಿಹಾಸಕಾರ್ತಿ ಜ್ಯಾಕ್ವೆಲಿನ್ ಲೆಕಿ ಈ ಅಧ್ಯಾಯವನ್ನು ವಿವರವಾಗಿ ಬರೆದಿದ್ದಾರೆ. 2021ರಲ್ಲಿ ಬಂದ ಅವರ ‘ಇನ್‌ವಿಸಿಬಲ್’ ಹೊರಗಿಡುವಿಕೆಯ ಕಥೆಯನ್ನೇ ಕೇಂದ್ರವಾಗಿಟ್ಟುಕೊಂಡ ಪುಸ್ತಕ.

1929ರಲ್ಲಿ ಸರ್ಕಾರ ತೋಟಗಳಲ್ಲಿ ದುಡಿಯುವ ಮಾವೊರಿಗಳ ಬಗ್ಗೆ ಒಂದು ವಿಚಾರಣಾ ಸಮಿತಿ ನೇಮಿಸಿತು. ಆಗ ಮಾವೊರಿ ವ್ಯವಹಾರಗಳ ಸಚಿವರಾಗಿದ್ದವರು ಅಪಿರಾನ ನ್ಗಾಟಾ, ಸ್ವತಃ ಮಾವೊರಿ. ಇಲಿ, ತೇವ, ಹರಕು ಗೋಣಿಯ ನಡುವೆ ಬದುಕುತ್ತಿದ್ದ ಕೂಲಿಯವರ ವಸತಿ ಸಮಿತಿಯ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೂ ಅದರ ತಲೆಬಿಸಿಯೆಲ್ಲ ಮಾವೊರಿ ಹೆಂಗಸರು ಚೀನೀಯ, ‘ಹಿಂದೂ’ ತೋಟಗಾರರೊಡನೆ ಬಾಳುವೆ ನಡೆಸುತ್ತಿದ್ದಾರೆ ಎಂಬುದರ ಸುತ್ತ. ಕೂಸುಗಳು ಏಕೆ ಸಾಯುತ್ತಿವೆ ಎನ್ನುವುದಕ್ಕಿಂತ, ಹುಟ್ಟುವ ಕೂಸು ಯಾವ ಬಣ್ಣದ್ದು ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು.

ಕೂಸುಗಳು ಸಾಯುತ್ತಲೇ ಇದ್ದವು. ಊರಿನಲ್ಲಿ ಮಾವೊರಿಗಳಿಗೆ ಬಾಡಿಗೆ ಮನೆ ಕೊಡುವವರಿರಲಿಲ್ಲ. ತೋಟದಂಚಿನ ತಗಡಿನ ಜೋಪಡಿ, ಗೊಬ್ಬರ ಇಡುವ ಷೆಡ್ಡು, ಇವೇ ಮನೆ. ನಲ್ಲಿ ಇಲ್ಲ, ಕಕ್ಕಸಿಲ್ಲ. ನ್ಯುಮೋನಿಯಾ, ಕ್ಷಯ, ದಡಾರ, ನಾಯಿಕೆಮ್ಮು, ವಾಂತಿಭೇದಿಗೆ 1925ರಿಂದ 1961ರ ನಡುವೆ ಈ ಊರಿನಲ್ಲಿ 200ಕ್ಕೂ ಹೆಚ್ಚು ಮಾವೊರಿ ಶಿಶುಗಳು, ಎಳೆಯರು ಸತ್ತರು. ತಡೆಯಬಹುದಾಗಿದ್ದ ಸಾವುಗಳಿವು. ಅನೇಕರ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ. ಇದನ್ನು ರಾಷ್ಟ್ರೀಯ ದುರಂತ ಎಂದು ಕರೆಯಬಹುದೇ ಎಂದು ಕೇಳುವವರಿದ್ದಾರೆ. ಒಂದೇ ದಿನ ಗಣಿಯೊಳಗೋ ವಿಮಾನದಲ್ಲೋ ಆದ ಸಾವು ದುರಂತವಾಗುತ್ತದೆ, ಮೂವತ್ತಾರು ವರ್ಷಗಳಿಗೆ ಹರಡಿಕೊಂಡದ್ದು ಅಂಕಿ ಅಂಶವಾಗಿ ಉಳಿಯುತ್ತದೆ. ನನ್ನ ಪಾಲಿಗೆ ಇದು ದುರಂತವೇ.

ಕ್ಷೌರದಂಗಡಿಯವರು ಮಾವೊರಿಗಳ ತಲೆಗೆ ಕತ್ತರಿ ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ಬಿಳಿಯರು ಹತ್ತಿದರೆ ಎದ್ದು ನಿಲ್ಲಬೇಕಿತ್ತು. ಶಾಲೆಯ ಈಜುಕೊಳಕ್ಕೆ ಮಾವೊರಿ ಮಕ್ಕಳು ಇಳಿಯಲು ವಾರದಲ್ಲಿ ಒಂದೇ ದಿನ, ಶುಕ್ರವಾರ. ಇದನ್ನು ಓದುತ್ತಿರುವಾಗ ಭಾರತೀಯರಿಗೆ ಮಹಾಡ್ ನೆನಪಾಗದೆ ಇರದು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅಲ್ಲಿನ ಚವದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು ಕೆರೆಗೆ 108 ಗಡಿಗೆ ಪಂಚಗವ್ಯ ಸುರಿದು ‘ಶುದ್ಧಿ’ ಮಾಡಿದ್ದರು. ಅಲ್ಲಿ ಶಾಸ್ತ್ರದ ಭಾಷೆ, ಇಲ್ಲಿ ನೈರ್ಮಲ್ಯದ ಭಾಷೆ. ಪುಕೆಕೊಹೆಯ ಬಿಳಿಯ ಪೋಷಕರೂ ನೈರ್ಮಲ್ಯವನ್ನೇ ಮುಂದಿಟ್ಟು ಮಾವೊರಿ ಮಕ್ಕಳಿಗೆ ಬೇರೆ ಶಾಲೆ ಬೇಕೆಂದು ಹಟ ಹಿಡಿದರು. 1952ರಲ್ಲಿ ಪುಕೆಕೊಹೆ ಮಾವೊರಿ ಶಾಲೆ ತೆರೆಯಿತು. ಬೇರೆಡೆ ಮಾವೊರಿ ಶಾಲೆಗಳು ಮಾವೊರಿಗಳೇ ಇದ್ದ ಹಳ್ಳಿಗಳಲ್ಲಿ ಹುಟ್ಟಿದವು; ಇಲ್ಲಿಯದು ಬಿಳಿಯರ ಒತ್ತಾಯದಿಂದ ಬಂದದ್ದು. 1966ರಲ್ಲಿ ಅದರ ಹೆಸರನ್ನು ಪುಕೆಕೊಹೆ ನಾರ್ತ್ ಎಂದು ಬದಲಾಯಿಸಿದರು.

ಇದ್ಯಾವುದಕ್ಕೂ ಕಾನೂನಿನ ಒಂದು ಸಾಲೂ ಇರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಬೋರ್ಡು ಓದಿ ತಿಳಿಯಬಹುದಾಗಿದ್ದುದನ್ನು ಇಲ್ಲಿ ರೂಢಿಯಿಂದ ತಿಳಿಯಬೇಕಿತ್ತು. ಬರೆದಿಟ್ಟದ್ದಿಲ್ಲವಾದ್ದರಿಂದ ಆಮೇಲೆ ಅಲ್ಲಗಳೆಯುವುದೂ ಸುಲಭವಾಯಿತು. ಅದೇ ವರ್ಷಗಳಲ್ಲಿ ನ್ಯೂಜಿಲೆಂಡ್ ತನ್ನ ಜನಾಂಗೀಯ ಸಂಬಂಧಗಳು ಜಗತ್ತಿಗೇ ಮಾದರಿ ಎಂದು ಹೇಳಿಕೊಳ್ಳುತ್ತಿತ್ತು. 1941ರಲ್ಲಿ ಸ್ಥಾಪನೆಯಾದ ಸರ್ಕಾರಿ ನ್ಯಾಷನಲ್ ಫಿಲ್ಮ್ ಯೂನಿಟ್ ವಾರವಾರ ತಯಾರಿಸಿದ ಸುದ್ದಿಚಿತ್ರಗಳು ಮುಖ್ಯ ಚಿತ್ರಕ್ಕೂ ಮೊದಲು ಪರದೆಯ ಮೇಲೆ ಬರುತ್ತಿದ್ದವು: ತಣ್ಣನೆಯ, ವಿಶ್ವಾಸ ತುಂಬಿದ ಗಂಡು ದನಿ, ಕೆಳಗೆ ಚಿತ್ರಗಳು. ಫಿಲ್ಮ್ಸ್ ಡಿವಿಷನ್ ರೀಲು ಮುಗಿಯುವವರೆಗೆ ಹೊರಗೆ ಬೀಡಿ ಸೇದುತ್ತ ನಿಂತ ನಮ್ಮ ಹಿರಿಯರಿಗೆ ಆ ದನಿಯ ಪರಿಚಯ ಚೆನ್ನಾಗಿಯೇ ಇದೆ. ಹೊಲ, ಅಣೆಕಟ್ಟು, ನಗುವ ಗಿರಿಜನ, ಎಲ್ಲವನ್ನೂ ಅದೇ ಏರಿಳಿತದಲ್ಲಿ ಹೇಳುವ ದನಿ. ಪುಕೆಕೊಹೆಯಲ್ಲಿ ಆ ದನಿಯನ್ನು ಬಾಲ್ಕನಿಯವರೂ ಕೇಳಿದರು, ಕೆಳಗಿನವರೂ ಕೇಳಿದರು. ಕೆಳಗಿನವರು ಅದನ್ನು ಕೇಳಿ ಏನೆಂದುಕೊಂಡರು ಎಂದು ಯಾರೂ ಕೇಳಲಿಲ್ಲ.

ಆ ದನಿಗೆ ಮೊದಲ ಬಿರುಕು ಬಿಟ್ಟದ್ದು ಊರಿನ ಹತ್ತಿರವೇ. 1959ರಲ್ಲಿ ಪಾಪಕುರದ ಹೋಟೆಲೊಂದರ ಲೌಂಜ್ ಬಾರಿನಲ್ಲಿ ಹೆನ್ರಿ ಬೆನೆಟ್ ಎಂಬ ಮಾವೊರಿ ಮನೋವೈದ್ಯರಿಗೆ ಪಾನೀಯ ಕೊಡಲು ನಿರಾಕರಿಸಲಾಯಿತು. ವೈದ್ಯರಿಗೇ ಹೀಗಾದಾಗ ಪತ್ರಿಕೆಗಳು ಎಚ್ಚೆತ್ತವು. ಕೂಲಿಯವರಿಗೆ ಮೂವತ್ತು ವರ್ಷ ಆದದ್ದು ಸುದ್ದಿಯಾಗಿರಲಿಲ್ಲ. ಮರುವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ ತಮ್ಮ ‘ದ ಫರ್ನ್ ಅಂಡ್ ದ ಟಿಕಿ’ಯಲ್ಲಿ ದೇಶದ ಬಣ್ಣಭೇದವನ್ನು ಎತ್ತಿ ತೋರಿದಾಗ ಅನೇಕರಿಗೆ ಸಿಟ್ಟು ಬಂತು. ಸಾರ್ವಜನಿಕ ಸ್ಥಳಗಳಲ್ಲಿ ಜನಾಂಗದ ಕಾರಣಕ್ಕೆ ನಿರಾಕರಿಸುವುದನ್ನು ನಿಷೇಧಿಸುವ ಕಾಯ್ದೆಗೆ 1971ರವರೆಗೆ ಕಾಯಬೇಕಾಯಿತು.

ಪರದೆಯ ಮೇಲೆ ಯಾರು ಮಾತಾಡಬೇಕು ಎಂಬ ಪ್ರಶ್ನೆಯನ್ನು ಆ ದೇಶದಲ್ಲಿ ಗಟ್ಟಿಯಾಗಿ ಎತ್ತಿದವರು ಮಾವೊರಿ ನಿರ್ದೇಶಕ ಬ್ಯಾರಿ ಬಾರ್ಕ್ಲೆ. 1974ರಲ್ಲಿ ಬರಹಗಾರ ಮೈಕೆಲ್ ಕಿಂಗ್ ಜೊತೆ ಅವರು ಮಾಡಿದ ‘ತಂಗತ ವೆನುವ’ ದೂರದರ್ಶನ ಮಾಲೆ ಆರು ಕಂತುಗಳದ್ದು. ಅಲ್ಲಿ ಹಿರಿಯರು ತಮಗೆ ಬೇಕಾದಷ್ಟು ಹೊತ್ತು ಮಾತಾಡುತ್ತಾರೆ. ಕ್ಯಾಮೆರಾವನ್ನು ದೂರದಲ್ಲಿಟ್ಟು ಉದ್ದನೆಯ ಲೆನ್ಸ್ ಹಾಕಿ, ಮಾತಾಡುವವರ ಮುಖಕ್ಕೆ ಅದು ಅಡ್ಡ ಬಾರದಂತೆ ಚಿತ್ರೀಕರಿಸಿದರು. ಮರೈ ಎಂಬ ಮಾವೊರಿ ಸಭಾಂಗಣದಲ್ಲಿ ಎಲ್ಲರಿಗೂ ಮಾತಾಡುವ ಸರದಿ ಇರುತ್ತದೆ, ಉಳಿದವರು ಕೇಳುತ್ತಾರೆ. ಕ್ಯಾಮೆರಾ ಅಂಥ ಕೇಳುಗನಾಗಬೇಕು ಎಂಬುದು ಬಾರ್ಕ್ಲೆಯವರ ನಿಲುವು. ನಿರೂಪಕನಿಲ್ಲದ ಸಾಕ್ಷ್ಯಚಿತ್ರ ಎಂದರೆ ಬರೀ ದನಿ ತೆಗೆದುಹಾಕುವ ತಂತ್ರವೆಂದು ನಾವು ತಿಳಿಯುವುದುಂಟು. ಬಾರ್ಕ್ಲೆಗೆ ಅದು ಸಭೆಯ ನಡವಳಿಕೆ.

ಲೋಕದ ಬೇರೆ ಕಡೆಯೂ ಈ ದಾರಿ ಹಿಡಿದವರಿದ್ದರು. 1985ರ ‘ಶೋವಾ’ದಲ್ಲಿ ಕ್ಲೋಡ್ ಲಾಂಝ್‌ಮನ್ ಒಂಬತ್ತು ಗಂಟೆಗೂ ಮೀರಿದ ಅವಧಿಯಲ್ಲಿ ಹಳೆಯ ಒಂದೂ ದೃಶ್ಯ ಬಳಸದೆ, ಬದುಕುಳಿದವರ, ಕಂಡವರ, ಎಸಗಿದವರ ಮಾತಿನ ಮೇಲೆಯೇ ಚಿತ್ರ ನಿಲ್ಲಿಸಿದರು. ನ್ಯೂಜಿಲೆಂಡಿನವರೇ ಆದ ಪೀಟರ್ ಜಾಕ್ಸನ್ 2018ರಲ್ಲಿ ‘ದೇ ಶಲ್ ನಾಟ್ ಗ್ರೋ ಓಲ್ಡ್’ ಮಾಡಿದಾಗ ಮೊದಲ ಮಹಾಯುದ್ಧದ 200 ಮಾಜಿ ಸೈನಿಕರ ಸುಮಾರು 600 ಗಂಟೆಗಳ ಧ್ವನಿಮುದ್ರಣದಿಂದ ಆಯ್ದ ಮಾತನ್ನಷ್ಟೇ ಇಟ್ಟರು, ನಿರೂಪಕನಿಲ್ಲ, ಇತಿಹಾಸಕಾರನಿಲ್ಲ. ಬಣ್ಣ ಹಚ್ಚಿದ ಮುಖಗಳನ್ನು ಕಂಡು ಪ್ರೇಕ್ಷಕರು ಕಣ್ಣೀರಾದರು. ಇತಿಹಾಸಕಾರರು ಗೊಣಗಿದರು: ಯಾವ ದನಿ ಯಾರದು, ಯಾವ ವರ್ಷದ್ದು, ಯಾವ ರಣರಂಗದ್ದು ಎಂದು ತಿಳಿಯದು, ವಸಾಹತುಗಳ ಸೈನಿಕರೆಲ್ಲಿ? ಗೊಣಗಾಟದಲ್ಲಿ ಹುರುಳಿತ್ತು. ನಿರೂಪಕನನ್ನು ಕಿತ್ತು ಹಾಕಿದಾಗ ಹೇಳುವ ಅಧಿಕಾರ ಮಾಯವಾಗುವುದಿಲ್ಲ. ಅದು ಸಂಕಲನಕಾರನ ಮೇಜಿಗೆ ಸರಿಯುತ್ತದೆ, ಉಳಿದದ್ದು ನೋಡುವವನ ತಲೆಗೆ.

ಪುಕೆಕೊಹೆಯ ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಈ ಬೆಳಕಿನಲ್ಲೇ ನೋಡಬೇಕು. 2020ರಲ್ಲಿ ಅಮೆರಿಕ ಮೂಲದ ಸಮಾಜಶಾಸ್ತ್ರಜ್ಞ ರಾಬರ್ಟ್ ಬಾರ್ತೊಲೊಮ್ಯೂ ‘ನೋ ಮಾವೊರಿ ಅಲೌಡ್’ ಎಂಬ, ಚಿತ್ರದ ಹೆಸರಿನದೇ ಪುಸ್ತಕ ತಂದರು. ಹಳೆಯ ಪತ್ರಿಕೆಗಳು, ಶಾಲಾ ಕಡತಗಳು, ಸರ್ಕಾರಿ ಪತ್ರಗಳು, ಹಿರಿಯರ ನೆನಪುಗಳು ಅದರ ಆಕರ. ಕೆಲವರು ‘ನಾವು ಇಲ್ಲೇ ಹುಟ್ಟಿ ಬೆಳೆದವರು, ಹೀಗೇನೂ ಇರಲಿಲ್ಲ’ ಎಂಬ ಧಾಟಿಯಲ್ಲಿ ತಳ್ಳಿಹಾಕಿದರು. ಕಡತ ತೋರಿಸಿದರೂ ಈ ಮಾತು ನಿಲ್ಲುವುದಿಲ್ಲ, ಏಕೆಂದರೆ ಬಾಲ್ಕನಿಯಲ್ಲಿ ಕೂತವರಿಗೆ ಕೆಳಗೆ ಕೂತವರನ್ನು ಗಮನಿಸುವ ಅಗತ್ಯ ನಿಜಕ್ಕೂ ಬಿದ್ದಿರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅವರ ನೆನಪಿನ ವ್ಯಾಪ್ತಿಯೇ ಅಷ್ಟು. ಎರಡು ವರ್ಷದ ನಂತರ ಸಾಕ್ಷ್ಯಚಿತ್ರ ಬಂದಾಗ ಭಾರವೆಲ್ಲ ಬಿದ್ದದ್ದು ಮಾವೊರಿ ಹಿರಿಯರ ಮತ್ತು ಅವರ ಮಕ್ಕಳ ಮಾತಿನ ಮೇಲೆ. ಪುಟದಲ್ಲಿ ಅಂಕಿಯಾಗಿದ್ದುದು ಪರದೆಯಲ್ಲಿ ಅಜ್ಜಿಯ ತಡವರಿಕೆಯಾಯಿತು. ತಡವರಿಕೆಯನ್ನು ಅಲ್ಲಗಳೆಯುವುದು ಕಷ್ಟ.

ಇನ್ನೊಂದು ಬಗೆಯ ಪ್ರತಿಕ್ರಿಯೆ ನನಗೆ ಇದಕ್ಕಿಂತ ಮುಖ್ಯ. ಕಿರಿಯ ಮಾವೊರಿಗಳೇ ‘ನಮ್ಮ ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ’ ಎಂದರು. ಅವಮಾನ ಅನುಭವಿಸಿದವರು ಅದನ್ನು ಮಕ್ಕಳಿಗೆ ದಾಟಿಸಲು ಬಯಸಿರಲಿಲ್ಲ. ನಮ್ಮಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥ ಆತ್ಮಕಥನಗಳು ಬಂದಾಗ ಕೇರಿಯ ಹೊಸ ಓದುಗರಲ್ಲೂ ಇಂಥದೇ ದಿಗ್ಭ್ರಮೆ ಹುಟ್ಟಿದ್ದನ್ನು ನೆನೆಯಬಹುದು. ಮೂರನೆಯದು ಶಾಲೆಯ ಮೇಲಿನ ಸಿಟ್ಟು: ಇದನ್ನು ಪಾಠದಲ್ಲಿ ಏಕೆ ಕಲಿಸಲಿಲ್ಲ? ದೇಶದ ಸ್ವಂತ ಇತಿಹಾಸವನ್ನು ಕಲಿಸುವುದು ನ್ಯೂಜಿಲೆಂಡಿನ ಶಾಲೆಗಳಲ್ಲಿ ಕಡ್ಡಾಯವಾದದ್ದೇ 2023ರಲ್ಲಿ.

ಹೇಳುವವರು ಯಾರು ಎಂಬ ವಿಷಯದಲ್ಲಿ ಆ ದೇಶದ ಪ್ರೇಕ್ಷಕರು ಎಷ್ಟು ಸೂಕ್ಷ್ಮವಾಗಿದ್ದಾರೆ ಎಂಬುದಕ್ಕೆ ಬೇರೊಂದು ನಿದರ್ಶನವೂ ಇದೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಲ್ಲಲಾಯಿತು. 2021ರಲ್ಲಿ ಆ ಘಟನೆಯ ಮೇಲೆ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರನ್ನು ಕೇಂದ್ರವಾಗಿಟ್ಟು ಕಥಾಚಿತ್ರ ಮಾಡುವ ಯೋಜನೆ ಹೊರಬಿದ್ದಾಗ ಮುಸ್ಲಿಂ ಸಮುದಾಯ ಪ್ರತಿಭಟಿಸಿತು, ಯೋಜನೆ ಕೈಬಿಡಬೇಕೆಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು, ನಿರ್ಮಾಪಕಿಯೊಬ್ಬರು ಹಿಂದೆ ಸರಿದರು. ಚಿತ್ರ ತಯಾರಾಗುವ ಮೊದಲೇ ಬಂದ ಪ್ರೇಕ್ಷಕರ ಪ್ರತಿಕ್ರಿಯೆ ಇದು.

ಇನ್ನು ನಮ್ಮವರ ಪ್ರಶ್ನೆ. 2023ರ ಜನಗಣತಿಯಂತೆ ನ್ಯೂಜಿಲೆಂಡಿನಲ್ಲಿ ಭಾರತೀಯರ ಸಂಖ್ಯೆ 2.9 ಲಕ್ಷ ದಾಟಿದೆ. ಆಕ್ಲೆಂಡಿನಲ್ಲಿ ಕನ್ನಡ ಕೂಟವಿದೆ, ರಾಜ್ಯೋತ್ಸವ ನಡೆಯುತ್ತದೆ. ಇಂದು ಅಲ್ಲಿ ನೆಲೆಸಿದ ಕನ್ನಡ ಕುಟುಂಬ ಈ ಚಿತ್ರ ನೋಡಲು ಕೂತರೆ ಯಾವ ಸೀಟಿನಲ್ಲಿ ಕೂರಬೇಕು? ಕ್ಷೌರದಂಗಡಿ, ಬಾರು, ಬಾಲ್ಕನಿ ನಿರಾಕರಣೆಗೊಂಡ ಭಾರತೀಯರ ಪಕ್ಕದಲ್ಲಿ ಕೂರುವುದು ಸುಲಭ. ಆದರೆ ಮಾವೊರಿ ಕೂಲಿಯವರನ್ನು ಇಟ್ಟುಕೊಂಡು ಷೆಡ್ಡಿನಲ್ಲಿ ಮಲಗಿಸಿದ ತೋಟಗಾರರಲ್ಲಿ ಬಿಳಿಯರ ಜೊತೆ ಚೀನೀಯರೂ ಭಾರತೀಯರೂ ಇದ್ದರು. ಮಾವೊರಿ ಹೆಣ್ಣುಗಳನ್ನು ಮದುವೆಯಾಗಿ ಸಂಸಾರ ಕಟ್ಟಿದ ಭಾರತೀಯರೂ ಇದ್ದರು. ತುಳಿತಕ್ಕೊಳಗಾದವರು, ಕೂಲಿ ಕೊಟ್ಟವರು, ನೆಂಟರು: ಮೂರೂ ಅವರೇ. ಇಂಥ ಗೋಜಲನ್ನು ನಿರೂಪಕನ ದನಿ ಒಂದೇ ವಾಕ್ಯದಲ್ಲಿ ಬಿಡಿಸಿಬಿಡುತ್ತದೆ. ಸಾಕ್ಷಿಗಳ ಮಾತು ಅದನ್ನು ಬಿಡಿಸದೆ ಎದುರಿಗಿಡುತ್ತದೆ, ಅದೇ ಅದರ ಬಲ.

ಹಾಗೆಂದು ನಿರೂಪಣೆ ಇಲ್ಲದ ಚಿತ್ರವೇ ಪ್ರಾಮಾಣಿಕ ಎಂಬ ಈಚಿನ ಭಕ್ತಿಯನ್ನು ನಾನು ಒಪ್ಪುವುದಿಲ್ಲ. 1929ರ ಸಮಿತಿಯ ವರದಿ ತಾನಾಗಿ ಮಾತಾಡದು. ಸತ್ತ ಕೂಸುಗಳಿಗೆ ಸಾಕ್ಷಿ ನುಡಿಯಲಾಗದು. ಬಾರ್ತೊಲೊಮ್ಯೂ ಕಡತಗಳ ಧೂಳು ಕೊಡವದೆ ಇದ್ದಿದ್ದರೆ ಹಿರಿಯರ ನೆನಪುಗಳನ್ನು ಊರಿನವರು ಮುದುಕರ ಹಳಹಳಿಕೆ ಎಂದು ಬದಿಗೆ ಸರಿಸುತ್ತಿದ್ದರು. ಪುಸ್ತಕ ಮೊದಲು, ಚಿತ್ರ ಆಮೇಲೆ ಬಂದದ್ದು ಪುಕೆಕೊಹೆಯ ಅದೃಷ್ಟ.

ನಮ್ಮ ಹಳ್ಳಿಗಳಲ್ಲೂ ಕ್ಷೌರ ನಿರಾಕರಣೆ, ಹೋಟೆಲಿನ ಬೇರೆ ಲೋಟ ಅನುಭವಿಸಿದ ತಲೆಮಾರು ಇನ್ನೂ ಬದುಕಿದೆ. ಕೆಲವೆಡೆ ನಿರಾಕರಣೆಯೇ ಇನ್ನೂ ಬದುಕಿದೆ. ಪೊಲೀಸ್ ಠಾಣೆಯ ದೂರು, ಪಂಚಾಯ್ತಿಯ ನಡಾವಳಿ, ಹಳೆಯ ಜಿಲ್ಲಾ ಪತ್ರಿಕೆಗಳ ಕಡತಗಳೂ ಇವೆ. ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಪತ್ರಿಕೋದ್ಯಮ ವಿಭಾಗಗಳು ಒಟ್ಟುಗೂಡಿ ಆ ಕಡತಗಳನ್ನೂ ಈ ದನಿಗಳನ್ನೂ ತಾಲ್ಲೂಕಿನ ಮಟ್ಟದಲ್ಲಿ ಸಂಗ್ರಹಿಸುವ ಕೆಲಸಕ್ಕೆ ಈಗಲೇ ಕೈಹಾಕಬೇಕು.