ಬಿಯರ್ ಹಳತಾದಾಗ ಏನಾಗುತ್ತದೆ?

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರಿಗೆ ಕಮಟು ವಾಸನೆಯನ್ನು ವಿವರಿಸಬೇಕಾಗಿಲ್ಲ. ಶೇಂಗಾ ಎಣ್ಣೆಯನ್ನು ಬೇಸಿಗೆಯಲ್ಲಿ ಬಹಳ ದಿನ ತೆರೆದಿಟ್ಟರೆ ಮೂಗೇ ಅದನ್ನು ಗುರುತಿಸುತ್ತದೆ. ಈ ವಾಸನೆಯ ಸಮೀಪದ ಬಂಧುವೊಂದು ಬಿಯರ್ ತಯಾರಕರನ್ನೂ ಬಹುಕಾಲ ಕಾಡಿತು. ಹಳತಾದ ಬಿಯರ್ ಕೆಲವೊಮ್ಮೆ ಹದವಾಗುತ್ತದೆ, ಕೆಲವೊಮ್ಮೆ ಕೆಡುತ್ತದೆ. ಹೀಗೇಕೆ?

18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್ ಕಾರ್ಖಾನೆಯ ಬಿಯರ್ ಹಡಗಿನಲ್ಲಿ ಭಾರತಕ್ಕೆ ಬರುತ್ತಿತ್ತು. ಭೂಮಧ್ಯರೇಖೆಯನ್ನು ಎರಡು ಸಲ ದಾಟುವ ಆ ಪಯಣಕ್ಕೆ ನಾಲ್ಕರಿಂದ ಆರು ತಿಂಗಳು ಬೇಕಿತ್ತು. ಹಾಪ್ಸ್ ಎಂಬ ಕಹಿ ಹೂವನ್ನು ಹೆಚ್ಚಾಗಿ ಬೆರೆಸಿದ ಬಿಯರ್ ಚೆನ್ನಾಗಿ ಬಾಳುತ್ತಿತ್ತು. ಕಾರಣವನ್ನು ಆಗ ಯಾರೂ ಅರಿತಿರಲಿಲ್ಲ.

ಮೊದಲ ಉತ್ತರವನ್ನು ಲೂಯಿ ಪಾಶ್ಚರ್ 1876ರ ತಮ್ಮ ಗ್ರಂಥದಲ್ಲಿ ಕೊಟ್ಟರು: ಬಿಯರನ್ನು ಹುಳಿಯಾಗಿಸುವುದು ಸೂಕ್ಷ್ಮಜೀವಿಗಳು. ಹಾಪ್ಸ್‌ನ ಕಹಿ ಆಮ್ಲಗಳು ಇಂಥ ಹಲವು ಬ್ಯಾಕ್ಟೀರಿಯಗಳನ್ನು ತಡೆಯುತ್ತವೆ. ಆದರೆ ಎಲ್ಲ ಜೀವಿಗಳೂ ಶತ್ರುಗಳಲ್ಲ. 1904ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿದ್ದ ನೀಲ್ಸ್ ಕ್ಲಾಸೆನ್, ಇಂಗ್ಲೆಂಡಿನ ಹಳೆಯ ಬಿಯರಿನ ವಿಶಿಷ್ಟ ಪರಿಮಳಕ್ಕೆ ನಿಧಾನವಾಗಿ ಬೆಳೆಯುವ ಒಂದು ಯೀಸ್ಟ್ ಕಾರಣವೆಂದು ತೋರಿಸಿ, ಅದನ್ನು ಬ್ರೆಟ್ಟನೊಮೈಸಿಸ್ ಎಂದು ಕರೆದರು.

ಇಷ್ಟಾದರೂ ಒಂದು ಒಗಟು ಉಳಿಯಿತು. ಕಾಯಿಸಿ ಜೀವಿಗಳನ್ನೆಲ್ಲ ಕೊಂದ ಬಿಯರಿಗೂ ಕಾಲಕ್ರಮೇಣ ಒದ್ದೆ ರಟ್ಟಿನ ವಾಸನೆ ಬರುತ್ತಿತ್ತು. 1970ರಲ್ಲಿ ಜೇಮಿಸನ್ ಮತ್ತು ವಾನ್ ಗೆಲುವೆ ಇದಕ್ಕೆ ಟ್ರಾನ್ಸ್-2-ನೊನೆನಾಲ್ ಎಂಬ ಆಲ್ಡಿಹೈಡ್ ಕಾರಣವೆಂದು ಗುರುತಿಸಿದರು. ಲೀಟರಿಗೆ ಸುಮಾರು 0.1 ಮೈಕ್ರೋಗ್ರಾಮ್ ಇದ್ದರೂ ಮೂಗಿಗೆ ತಿಳಿಯುತ್ತದೆ! ಬಾರ್ಲಿಯಲ್ಲಿರುವ ಲಿನೊಲಿಯಿಕ್ ಆಮ್ಲ ಉತ್ಕರ್ಷಣಗೊಂಡಾಗ ಇದು ಹುಟ್ಟುತ್ತದೆ. ಶೇಂಗಾ ಎಣ್ಣೆಯಲ್ಲಿರುವುದೂ ಇದೇ ಆಮ್ಲ. ಬಿಯರಿನಲ್ಲಿ ಇದರ ಬಹುಭಾಗ ತಯಾರಿಕೆಯ ಹಂತದಲ್ಲೇ ಉಂಟಾಗಿ, ಬೇರೆ ಅಣುಗಳಿಗೆ ಅಂಟಿಕೊಂಡಿದ್ದು, ಮುಂದೆ ನಿಧಾನವಾಗಿ ಬಿಡುಗಡೆಯಾಗುತ್ತದೆ.

ಹಾಗಾದರೆ ಹಳತಾಗುವುದು ಒಂದೇ ಕ್ರಿಯೆಯಲ್ಲ. ಹಾಪ್ಸ್‌ನ ಪರಿಮಳ ಮತ್ತು ಕಹಿ ಕುಗ್ಗುತ್ತವೆ. ಕ್ಯಾರಮೆಲ್, ಒಣದ್ರಾಕ್ಷಿಯಂಥ ರುಚಿಗಳು ಏಳುತ್ತವೆ. ಆಲ್ಕೊಹಾಲ್ ಹೆಚ್ಚಿರುವ, ಹುರಿದ ಮಾಲ್ಟಿನ ಕಪ್ಪು ಬಿಯರುಗಳು ಇದನ್ನು ತಾಳುತ್ತವೆ. ಹಾಪ್ಸ್ ಪರಿಮಳವನ್ನೇ ನೆಚ್ಚಿದ ತಿಳಿ ಬಿಯರುಗಳು ಸೊರಗುತ್ತವೆ. 2010ರ ನಂತರ ಬೆಂಗಳೂರಿನಲ್ಲಿ ತಲೆಯೆತ್ತಿದ ಕಿರು ಬಿಯರ್ ಘಟಕಗಳು ತಯಾರಾದ ಸ್ಥಳದಲ್ಲಿಯೇ ತಾಜಾ ಬಿಯರ್ ಕೊಡುವುದರ ಒಂದು ಅನುಕೂಲ ಇದೇ.

ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿ ಎಂಬ ಸ್ಥೂಲ ನಿಯಮವನ್ನು ನೀವು ಓದಿದ್ದೀರಿ. 10 ಡಿಗ್ರಿಯ ಯುರೋಪಿನ ನೆಲಮಾಳಿಗೆಯಿಂದ ಬೇಸಿಗೆಯಲ್ಲಿ 40 ಡಿಗ್ರಿ ಸಮೀಪಿಸುವ ಗದಗ-ಬೆಟಗೇರಿಗೆ ಬಂದರೆ ವೇಗ ಎಂಟು ಪಟ್ಟು. ಅಲ್ಲಿನ ಒಂದು ವರ್ಷ ಇಲ್ಲಿ ಒಂದೂವರೆ ತಿಂಗಳು. ಆದರೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಆದ್ದರಿಂದ ಬಿಸಿಲಿನಲ್ಲಿಟ್ಟು ಹದವನ್ನು ಬೇಗ ತರಲಾಗದು. ಬರುವುದು ಬೇರೆಯೇ ರುಚಿ.

ಇದನ್ನು ತರಗತಿಯಲ್ಲಿ ಪರೀಕ್ಷಿಸಲು ಬಿಯರ್ ಬೇಡ, ಗಾಣದ ಶೇಂಗಾ ಎಣ್ಣೆ ಸಾಕು. ಮೂರು ಗಾಜಿನ ಬಾಟಲಿ ತೆಗೆದುಕೊಳ್ಳಿ. ಎರಡನ್ನು ಅರ್ಧ ತುಂಬಿ, ಒಂದನ್ನು ಕಿಟಕಿಯ ಬಿಸಿಲಿನಲ್ಲಿ, ಇನ್ನೊಂದನ್ನು ಕಪ್ಪು ಕಾಗದ ಸುತ್ತಿ ತಂಪಿನಲ್ಲಿಡಿ. ಮೂರನೆಯದನ್ನು ಗಾಳಿಗೆ ಎಡೆಯಿಲ್ಲದಂತೆ ಕಂಠಮಟ್ಟ ತುಂಬಿ ಬಿಸಿಲಿನಲ್ಲಿಡಿ. ವಾರಕ್ಕೊಮ್ಮೆ ವಾಸನೆ ನೋಡಿ ಬರೆದಿಡಿ. ಯಾವುದು ಮೊದಲು ಕಮಟಾಯಿತು? ಕಾರಣವನ್ನು ಮಕ್ಕಳೇ ಹೇಳಲಿ.