ಪರ್ವತಾರೋಹಣ, ವಿಕಲಚೇತನರ ಏಕಾಂಗಿ

ಕೈಕಾಲುಗಳಲ್ಲಿ ಊನವುಳ್ಳವರು ಜೊತೆಗಾರರ ಹಗ್ಗದ ಆಸರೆಯಿಲ್ಲದೆ ಎತ್ತರದ ಹಿಮಪರ್ವತಗಳನ್ನು ಏರುವ ಸಾಹಸ. ಪರ್ವತಾರೋಹಣದ ಇತಿಹಾಸದಲ್ಲಿ ಇದು ತೀರ ವಿರಳ. ವಿಕಲಚೇತನರ ಹೆಸರಾಂತ ಆರೋಹಣಗಳಲ್ಲಿ ಬಹುಪಾಲು ಶೆರ್ಪಾಗಳು ಮತ್ತು ತಂಡದವರ ನೆರವಿನಿಂದ ಆದವು. ಅದರಿಂದ ಅವುಗಳ ಬೆಲೆ ಕುಂದುವುದಿಲ್ಲ. ಆದರೂ ಒಂಟಿಯಾಗಿ ಹೊರಟವರು ಎದುರಿಸುವ ಕಷ್ಟದ ಬಗೆಯೇ ಬೇರೆ. ಅವರಿಗೂ ತಳಶಿಬಿರದಲ್ಲಿ ಅಡುಗೆಯವರು, ಹವಾಮಾನದ ಸುದ್ದಿ ಕೊಡುವವರು ಇರುತ್ತಾರೆ. ಅಲ್ಲಿಂದ ಮೇಲಕ್ಕೆ ಯಾರೂ ಇರುವುದಿಲ್ಲ.

ಸಮುದ್ರಮಟ್ಟದಿಂದ 8,000 ಮೀ. ಮೇಲೆ ಯಾವ ದೇಹವೂ ಹೆಚ್ಚು ಕಾಲ ಬದುಕಲಾರದು. 8,849 ಮೀ. ಎತ್ತರದ ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಒಂದರಷ್ಟು ಮಾತ್ರ. ಕಾಲು ಕಳೆದುಕೊಂಡವರಿಗೆ ಸಮನೆಲದ ನಡಿಗೆಯಲ್ಲೇ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಮಂಡಿಯೂ ಇಲ್ಲದವರಿಗೆ ಇನ್ನೂ ಹೆಚ್ಚು. ಉಸಿರೇ ಸಾಲದ ಎತ್ತರದಲ್ಲಿ ಈ ಹೊರೆ ಹಲವು ಪಟ್ಟು ಭಾರವೆನಿಸುತ್ತದೆ. ಕೃತಕ ಕಾಲಿಗೆ ಹಿಮಕಡಿತವಾಗದು ನಿಜ, ಆದರೆ ಅದರೊಳಗಿನ ಮೊಂಡುಗಾಲಿಗೆ ಅಪಾಯ ತಪ್ಪಿದ್ದಲ್ಲ. ನಡೆಯುವಾಗ ಒಳಪದರದಲ್ಲಿ ಕೂಡುವ ಬೆವರು ನಿಂತಾಗ ತಣ್ಣಗಾಗುತ್ತದೆ. ಮೊಂಡುಗಾಲು ಊದಿದರೂ ಸೊರಗಿದರೂ ಅದು ಕೂರುವ ಕೃತಕ ಕಾಲಿನ ಬಟ್ಟಲಿನ (ಸಾಕೆಟ್) ಹಿಡಿತ ತಪ್ಪಿ ಚರ್ಮ ಸುಲಿಯುತ್ತದೆ. ಕೃತಕ ಪಾದದ ಕೀಲು ಬಾಗದಿರುವುದರಿಂದ ಕಡಿದಾದ ಹಿಮದ ಇಳಿಜಾರಿನಲ್ಲಿ ಪಾದವನ್ನು ಹೊಂದಿಸಿ ಇಡುವುದು ಕಷ್ಟ. ಹೀಗಾಗಿ ಕೆಲವರು ಪಾದದ ಬದಲಿಗೆ ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಕ್ರ್ಯಾಂಪಾನಿನ ಉಕ್ಕಿನ ಮೊಳೆಗಳನ್ನು ನೇರವಾಗಿ ಕೃತಕ ಕಾಲಿಗೇ ಜೋಡಿಸಿಕೊಳ್ಳುತ್ತಾರೆ.

ಬೆರಳಿಲ್ಲದವರ ಕಷ್ಟ ಹೊರಗಿನವರ ಊಹೆಗೆ ಸುಲಭವಾಗಿ ನಿಲುಕದು. ಬಂಡೆಯ ಹಿಡಿತವೊಂದೇ ಅಲ್ಲ, ಬೂಟಿನ ದಾರ ಬಿಗಿಯುವುದು, ಗುಡಾರದ ಜಿಪ್ ಎಳೆಯುವುದು, ಒಲೆ ಹೊತ್ತಿಸಿ ಹಿಮ ಕರಗಿಸುವುದು, ಹಗ್ಗಕ್ಕೆ ಕೊಂಡಿ ಸಿಕ್ಕಿಸುವುದು ಎಲ್ಲವೂ ಬೆರಳಿನ ಕೆಲಸಗಳೇ. ಜೊತೆಗಾರನಿದ್ದರೆ ಕ್ಷಣದಲ್ಲಿ ಮುಗಿಯುವ ಇವು ಒಂಟಿಯಾದವನ ಸಮಯವನ್ನೂ ದೇಹದ ಬಿಸುಪನ್ನೂ ತಿನ್ನುತ್ತವೆ.

ಈ ಪರಂಪರೆಯ ಪ್ರಮುಖರಲ್ಲಿ ಹಲವರ ಊನಕ್ಕೆ ಪರ್ವತವೇ ಕಾರಣ. ಇಟಲಿಯ ರೈನ್‌ಹೋಲ್ಡ್ ಮೆಸ್ನರ್ 1970ರಲ್ಲಿ ನಂಗಾ ಪರ್ಬತ್‌ನಲ್ಲಿ ತಮ್ಮನನ್ನು ಕಳೆದುಕೊಂಡ. ಹಿಮಕಡಿತದಿಂದ ಅವನ ಏಳು ಕಾಲ್ಬೆರಳುಗಳೂ ಹೋದವು. ಬಂಡೆಯೇರುವುದರಲ್ಲಿ ಮೊದಲಿನ ಚಳಕ ಉಳಿಯದಿದ್ದಾಗ ಹಿಮವೇ ಹೆಚ್ಚಿರುವ ಎತ್ತರದ ಪರ್ವತಗಳ ಕಡೆ ತಿರುಗಿದ. 1978ರಲ್ಲಿ ಅದೇ ನಂಗಾ ಪರ್ಬತ್ ಅನ್ನು, 1980ರ ಆಗಸ್ಟ್ 20ರಂದು ಕೃತಕ ಆಮ್ಲಜನಕವಿಲ್ಲದೆ ಎವರೆಸ್ಟನ್ನು ಒಬ್ಬನೇ ಏರಿದ. ಮೆಸ್ನರ್‌ನನ್ನು ವಿಕಲಚೇತನರ ಸಾಲಿನಲ್ಲಿ ಯಾರೂ ಎಣಿಸುವುದಿಲ್ಲ. ಆದರೆ ಅವನ ಈ ಎರಡೂ ಏಕಾಂಗಿ ಆರೋಹಣಗಳು ಬೆರಳು ಹೋದ ಮೇಲಿನವು ಎಂಬುದನ್ನು ಮರೆಯಬಾರದು.

ದಕ್ಷಿಣ ಕೊರಿಯಾದ ಕಿಮ್ ಹಾಂಗ್-ಬಿನ್ 1991ರಲ್ಲಿ ಅಲಾಸ್ಕದ ಡೆನಾಲಿಯನ್ನು ಒಂಟಿಯಾಗಿ ಏರಹೊರಟು ಹಿಮಕಡಿತಕ್ಕೆ ಸಿಕ್ಕಿ ಹತ್ತೂ ಕೈಬೆರಳುಗಳನ್ನು ಕಳೆದುಕೊಂಡ. ಮುಂದೆ ಸಂಗಡಿಗರೊಂದಿಗೆ 8,000 ಮೀ. ಮೀರಿದ ಹದಿನಾಲ್ಕು ಶಿಖರಗಳನ್ನೂ ಏರಿದ. ಈ ಸಾಧನೆ ಮಾಡಿದ ಮೊದಲ ವಿಕಲಚೇತನ ಅವನೇ. 2021ರ ಜುಲೈ 18ರಂದು ಕೊನೆಯದಾದ ಬ್ರಾಡ್ ಪೀಕ್ (8,051 ಮೀ.) ಮುಟ್ಟಿ ಇಳಿಯುವಾಗ ಜಾರಿಬಿದ್ದು ಕಣ್ಮರೆಯಾದ.

ಜಪಾನಿನ ನೊಬುಕಾಜು ಕುರಿಕಿ ಹಿಡಿದದ್ದು ಇದಕ್ಕೆ ವಿರುದ್ಧ ದಾರಿ. 2012ರಲ್ಲಿ ಎವರೆಸ್ಟ್‌ನಲ್ಲಿ ಒಂಬತ್ತು ಬೆರಳುಗಳು ಹೋದ ಮೇಲೂ ಅವನು ಒಂಟಿತನವನ್ನು ಬಿಡಲಿಲ್ಲ. 2014ರಲ್ಲಿ ಬ್ರಾಡ್ ಪೀಕ್ ಏರಿದ. ಎವರೆಸ್ಟ್ ತುದಿ ಮಾತ್ರ ಅವನಿಗೆ ದಕ್ಕಲೇ ಇಲ್ಲ. 2018ರ ಮೇ 21ರಂದು, ಎಂಟನೆಯ ಪ್ರಯತ್ನದಲ್ಲಿ, ಅಲ್ಲೇ ತೀರಿಕೊಂಡ. ಈ ಲೇಖನದ ವಿಷಯಕ್ಕೆ ಅತ್ಯಂತ ಹತ್ತಿರದ ಬದುಕು ಕುರಿಕಿಯದು. ಗೆದ್ದವರ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ಅವನನ್ನು ಬದಿಗಿಡುವುದು ಸರಿಯಲ್ಲ.

ತಂಡದೊಡನೆ ಏರಿದವರಲ್ಲಿ ಒಂದು ಪಾದವನ್ನು ಕಳೆದುಕೊಂಡಿದ್ದ ಟಾಮ್ ವಿಟ್ಟೇಕರ್ (1998), ಅಂಧ ಎರಿಕ್ ವೈಹೆನ್‌ಮೇಯರ್ (2001), ಎರಡೂ ಕಾಲಿಲ್ಲದ ಮಾರ್ಕ್ ಇಂಗ್ಲಿಸ್ (2006) ಎವರೆಸ್ಟ್‌ನಲ್ಲಿ ಮೊದಲಿಗರು. ಭಾರತದ ಅರುಣಿಮಾ ಸಿನ್ಹಾ ವಾಲಿಬಾಲ್ ಆಟಗಾರ್ತಿ. 2011ರಲ್ಲಿ ಚಲಿಸುತ್ತಿದ್ದ ರೈಲಿನಿಂದ ದುಷ್ಕರ್ಮಿಗಳು ತಳ್ಳಿದಾಗ ಕಾಲು ಕಳೆದುಕೊಂಡರು. ಬಚೇಂದ್ರಿ ಪಾಲ್ ಅವರ ಬಳಿ ತರಬೇತಿ ಪಡೆದು 2013ರ ಮೇ 21ರಂದು ಎವರೆಸ್ಟ್ ಏರಿ, ಕಾಲು ಕಳೆದುಕೊಂಡ ಮಹಿಳೆಯರಲ್ಲಿ ಆ ತುದಿ ಮುಟ್ಟಿದ ಮೊದಲಿಗರೆನಿಸಿದರು.

ನೇಪಾಳ ಸರ್ಕಾರ 2017ರ ಡಿಸೆಂಬರಿನಲ್ಲಿ ಒಂಟಿ ಆರೋಹಿಗಳು, ಎರಡೂ ಕಾಲಿಲ್ಲದವರು ಮತ್ತು ಅಂಧರನ್ನು ಒಂದೇ ನಿಯಮದಲ್ಲಿ ಸೇರಿಸಿ ಪರ್ವತಾರೋಹಣಕ್ಕೆ ನಿಷೇಧ ಹೇರಿತು. ವಿಕಲಚೇತನರ ಮೇಲಿನ ನಿಷೇಧಕ್ಕೆ 2018ರ ಮಾರ್ಚಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತಡೆ ಕೊಟ್ಟಿತು. ಎರಡೇ ತಿಂಗಳಲ್ಲಿ ಎರಡೂ ಕಾಲಿಲ್ಲದ ಚೀನಾದ ಸಿಯಾ ಬೊಯು, 69ರ ವಯಸ್ಸಿನಲ್ಲಿ ಎವರೆಸ್ಟ್ ಏರಿದ. ಅಫ್ಘಾನಿಸ್ತಾನದ ಸ್ಫೋಟದಲ್ಲಿ ಮಂಡಿಯ ಮೇಲಕ್ಕೆ ಎರಡೂ ಕಾಲು ಕಳೆದುಕೊಂಡಿದ್ದ ಮಾಜಿ ಗೂರ್ಖಾ ಯೋಧ ಹರಿ ಬುಧಾ ಮಗರ್ 2023ರಲ್ಲಿ ಏರಿದ. ಆರೋಹಿಯ ಅನುಭವ, ಸಿದ್ಧತೆ, ಸಲಕರಣೆಗಳನ್ನು ನೋಡದೆ ಊನವೊಂದನ್ನೇ ಅಳತೆಗೋಲಾಗಿಸಿದ ನಿಯಮ ಅನ್ಯಾಯದ್ದು. ಒಂಟಿಯಾಗಿ ಹೋಗುವುದು ವ್ಯಕ್ತಿಯ ಆಯ್ಕೆ, ಊನ ಆಯ್ಕೆಯಲ್ಲ.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕ್ರೀಡೆಯಲ್ಲಿ ಅವರ ಭಾಗವಹಿಸುವಿಕೆಗೆ ಅನುವು ಮಾಡಿಕೊಡುವುದನ್ನು ಸರ್ಕಾರದ ಹೊಣೆಯಾಗಿಸಿದೆ. ಕರ್ನಾಟಕದಲ್ಲಿ ಹಿಮಪರ್ವತಗಳಿಲ್ಲ, ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ 1,930 ಮೀ. ಮಾತ್ರ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಸುಮಾರು 2,500 ಮೀ. ಮೇಲೆ. ಆದರೆ ಬಂಡೆಯ ಅಭ್ಯಾಸಕ್ಕೆ ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಕೊರತೆಯಿಲ್ಲ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿ, ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಪಾವಗಡ ಎಲ್ಲವೂ ಕಲ್ಲುಬೆಟ್ಟದ ಕೋಟೆಗಳು. 3,930 ಅಡಿ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಕೆಳಗೆ ಮೆಟ್ಟಿಲುಗಳಿವೆ. ಮೇಲೆ ಬಂಡೆ ಕಡಿದಾಗುತ್ತದೆ. ಅಲ್ಲಿ ಬಿಸಿಲು ಏರುವ ಮೊದಲೇ ಹತ್ತಬೇಕು. ಕೃತಕ ಕಾಲಿನವರಿಗೆ ಏರುವುದಕ್ಕಿಂತ ಇಳಿಯುವುದೇ ಕಠಿಣ: ನುಣುಪು ಬಂಡೆಯಲ್ಲಿ ಮೈಭಾರವೆಲ್ಲ ಬಟ್ಟಲಿನ ಅಂಚಿಗೆ ಬೀಳುತ್ತದೆ. 1968ರಲ್ಲಿ ರೂಪುಗೊಂಡ ರಬ್ಬರಿನ ಜೈಪುರ ಪಾದ ಬರಿಗಾಲ ನಡಿಗೆಗೂ ಏರುಪೇರಿನ ನೆಲಕ್ಕೂ ಒಗ್ಗುತ್ತದೆ. ಬಿಗಿಯಾದ ಅಟ್ಟೆ ಬೇಡುವ ಕ್ರ್ಯಾಂಪಾನಿಗೆ ಅದರ ಮೆತುತನ ಹೊಂದುವುದಿಲ್ಲ. ಹಿಮದ ಮೇಲಿನ ಕಲಿಕೆಗೆ ಡಾರ್ಜಿಲಿಂಗ್ (1954), ಉತ್ತರಕಾಶಿ (1965), ಮನಾಲಿ ಮೊದಲಾದ ಕಡೆಯ ಪರ್ವತಾರೋಹಣ ಸಂಸ್ಥೆಗಳಿಗೆ ಹೋಗಬೇಕು.